ಮೂರನೆಯ ಕೂಗು

ಗುಡ್ಡದ ಹೊಟ್ಟೆಯೊಳಗಿನ ಹಳೆಯ ಗೋರಿಯಲ್ಲಿ ಅವನಿಗೆ ಕಸ ಗುಡಿಸುವ ಕೆಲಸ ಸಿಕ್ಕಿತೆಂದು ಗೊತ್ತಾದಾಗ ಇಡೀ ಬೀದಿ ಹೊಗಳಿತು, ಹೊಗಳುತ್ತಲೇ ತುಸು ದೂರ ಸರಿದು ನಿಂತಿತು. ಸಂಬಳದ ಕೆಲಸವೇನೋ ಹೌದು. ಆದರೆ ಸಾವಿರಾರು ವರ್ಷದಿಂದ ಅಲ್ಲಿ ಮಲಗಿದ್ದ ರಾಜ ಇನ್ನೂ ಸರಿಯಾಗಿ ಸತ್ತಿರಲಿಲ್ಲ. ತಲೆಯ ಬಳಿಯ ದೀಪ ಆರಿದರೆ ಎದ್ದು ಊರಿಗೆ ಬರುತ್ತಾನೆ. ಆದ್ದರಿಂದ ದಿನವೂ ಯಾರಾದರೂ ಒಳಗೆ ಹೋಗಿ ಎಣ್ಣೆ ಹಾಕಿ, ಬಾವಲಿ ಹಿಕ್ಕೆ ಗುಡಿಸಿ ಬರಲೇಬೇಕು.

"ಒಳಗೆ ನಿಮ್ಮ ಮನೆಯ ಸತ್ತವರೆಲ್ಲ ಕೂಗ್ತಾರೆ," ಎಂದು ಮೇಸ್ತ್ರಿ ಮೊದಲ ದಿನವೇ ಹೇಳಿದ್ದ. "ಅವರಿಗೆ ಎರಡೇ ಸಲ ಕೂಗೋ ಶಕ್ತಿ. ಮೂರನೇ ಸಲ ಕೂಗಿದ್ರೆ ಬದುಕಿರೋರು ಅಂತ ತಿಳ್ಕೊ. ಅದಕ್ಕೆ ಮುಂಚೆ 'ಹ್ಞೂಂ' ಅಂದ್ಯೋ, ಗೋರಿ ಬಾಗಿಲು ಮುಚ್ಚಿತು, ನೀನು ಒಳಗೇ ಅಂತಾನೇ ಲೆಕ್ಕ."

ಹಿಂದಿನ ಕೆಲಸದವನು ಸತ್ತ ಮಾವ ಕೂಗಿದನೆಂದು "ಬಂದೆ ಮಾವ" ಅಂದಿದ್ದನಂತೆ. ಮಾವನ ಮನೆಯಲ್ಲಿ ಅಷ್ಟು ಕಾಲ ಠಿಕಾಣಿ ಹೂಡಿದ ಅಳಿಯ ಊರಲ್ಲಿ ಇನ್ನೊಬ್ಬನಿಲ್ಲ.

ಇವನು ಕೆಲಸ ಕಲಿತ. ಎಷ್ಟು ಚೆನ್ನಾಗಿ ಕಲಿತನೆಂದರೆ ಮನೆಯಲ್ಲೂ ಮೂರನೆಯ ಕೂಗಿನ ತನಕ ಅವನ ಬಾಯಿ ತೆರೆಯುತ್ತಿರಲಿಲ್ಲ. ಬೀದಿಯವರು 'ಕಿವುಡ' ಎಂದು ಹೆಸರಿಟ್ಟರು.

"ಇವನನ್ನ ಊಟಕ್ಕೆ ಕರೆಯೋಕೆ ಡಂಗುರ ಹೊಡೀಬೇಕು," ಎನ್ನುತ್ತಿದ್ದಳು ಅಕ್ಕ.

"ಲೋ ಕಿವುಡಾ, ನಾನಿನ್ನೂ ಸತ್ತಿಲ್ಲ ಕಣೋ!" ಎಂದು ಅಮ್ಮ ಒಳಗಿನಿಂದ ಕಿರುಚುತ್ತಿದ್ದಳು.

"ಖಾತ್ರಿ ಮಾಡ್ಕೋತಿದ್ದೆ ಅಮ್ಮ."

ಮೂವರೂ ನಗುತ್ತಿದ್ದರು. ಆಮೇಲೆ ಅಮ್ಮನಿಗೆ ಉಬ್ಬಸ ಹೆಚ್ಚಾಯಿತು. ನಕ್ಕರೆ ಕೆಮ್ಮು, ಕೆಮ್ಮಿದರೆ ಉಸಿರಿಲ್ಲ.

ಒಂದು ಮಧ್ಯಾಹ್ನ ಅಕ್ಕ ಔಷಧ ತರಲು ಹೋಗಿದ್ದಳು. ಅವನು ಹೊಸ್ತಿಲ ಮೇಲೆ ಕೂತು ಸಡಿಲವಾದ ಪೊರಕೆಗೆ ಹುರಿ ಬಿಗಿಯುತ್ತಿದ್ದ.

"ಮಗಾ," ಎಂದಳು ಅಮ್ಮ ಕೋಣೆಯೊಳಗಿನಿಂದ.

ಗಂಟು ಎಳೆದ.

"ಮಗಾ..."

ಕೈ ನಿಲ್ಲಿಸಿ ಮೂರನೆಯದಕ್ಕೆ ಕಾದ. ಅದು ಬರಲಿಲ್ಲ. ನಿದ್ದೆ ಹತ್ತಿರಬೇಕು ಅಂದುಕೊಂಡು ಇನ್ನೊಂದು ಸುತ್ತು ಬಿಗಿದ. ಔಷಧ ಹಿಡಿದು ಬಂದ ಅಕ್ಕ ಕೋಣೆಯಿಂದ ಅವನನ್ನು ಕೂಗಿದ್ದು ಒಂದೇ ಉಸಿರಿಗೆ ಮೂರು ಸಲ.

ಅಕ್ಕ ಬೈಯಲಿಲ್ಲ. ಪೊರಕೆಯನ್ನು ನೋಡಿದಳು, ಅಷ್ಟೇ. ಸಮಾಧಾನ ಹೇಳಲು ಬಂದ ಮೇಸ್ತ್ರಿ ಬೆನ್ನು ತಟ್ಟಿ, "ನಿನ್ನಂಥ ಅಚ್ಚುಕಟ್ಟಾದ ಕೆಲಸಗಾರ ಸಿಗಲ್ಲ ಬಿಡು," ಎಂದ.

ಮತ್ತೆ ಕೆಲಸಕ್ಕೆ ಹೋದ ದಿನ, ದೀಪಕ್ಕೆ ಎಣ್ಣೆ ಹೊಯ್ಯುವಾಗ ಕಲ್ಲಿನ ಹಿಂದಿನಿಂದ ಕೇಳಿಸಿತು.

"ಮಗಾ."

ಅದೇ ದನಿ, ಅದೇ ಉಬ್ಬಸ. ಎಣ್ಣೆ ಕೈಮೇಲೆ ಚೆಲ್ಲಿತು.

"ಮಗಾ..."

'ಏನಮ್ಮಾ' ಎನ್ನುವುದಷ್ಟೇ ಬಾಕಿ. ಅಂದರೆ ಬಾಗಿಲು ಮುಚ್ಚುತ್ತದೆ. ಅನ್ನದಿದ್ದರೆ ಎರಡನೆಯ ಬಾರಿಗೆ ಅದೇ ತಪ್ಪು. ಮಾತು ನಾಲಗೆಯ ತುದಿಗೆ ಬಂತು. ಬಂದದ್ದು, ಕಲಿತ ಪಾಠದಂತೆ, ಅಲ್ಲೇ ನಿಂತು ಕಾಯತೊಡಗಿತು. ಅಮ್ಮನಿಗೆ ಈ ಸಲವಾದರೂ ಇನ್ನೊಂದು ಕೂಗಿಗೆ ಉಸಿರು ಸಿಕ್ಕೀತೇನೋ ಎಂದು ಕಾದ. ಬತ್ತಿ ಚಟಪಟ ಎಂದಿತು.

"ಏಯ್ ಕಿವುಡಾ!" ಎಂದು ಮೇಸ್ತ್ರಿ ಹೊರಗಿನಿಂದ ಅರಚಿದ. "ಏಯ್ ಕಿವುಡಾ! ಏಯ್, ಕೇಳಿಸ್ತೇನೋ ಕಿವುಡಾ!"

ಆ ಗಂಟಲಲ್ಲಿ ಉಸಿರಿಗೆ ಯಾವತ್ತೂ ಬರವಿರಲಿಲ್ಲ.

"ಬಂದೆ ಸ್ವಾಮಿ," ಎಂದು ಅವನು ಪೊರಕೆ ಎತ್ತಿಕೊಂಡ.