ಎರಡು ಗ್ರಾಫಿಕ್ಸ್ ಕಾರ್ಡ್, ಒಂದು ಕೂಲರ್

ಪಕ್ಕದ ಮನೆಯ ಮಹಾನಂದಾ ವೈನಿ ಆಳಂದದಲ್ಲಿ ಹನ್ನೆರಡು ವರ್ಷಗಳಿಂದ ಮದುವೆ ವಿಡಿಯೋ ಮಿಕ್ಸಿಂಗ್ ಮಾಡುತ್ತಾರೆ. ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡ್ ಸುಟ್ಟುಹೋದಾಗ ಸೊಲ್ಲಾಪುರದ ಅಂಗಡಿಯವರು ಎರಡು ಕಾರ್ಡ್ ಕಳಿಸಿದರು. ಒಂದು ಹೊಸದು, ಸಣ್ಣದು. ಇನ್ನೊಂದು ದೊಡ್ಡದು, ಆದರೆ ಬಳಸಿದ್ದು. ಇಂದು ಐದು ಗಂಟೆಯ ಬಸ್ಸಿಗೆ ಒಂದನ್ನು ವಾಪಸ್ ಕಳಿಸಬೇಕಿತ್ತು. ಉಳಿಸಿಕೊಂಡದ್ದರ ಮೇಲೆಯೇ ವೈನಿಯ ಈ ಸೀಸನ್ನಿನ ಕೆಲಸವೆಲ್ಲ ನಿಂತಿತ್ತು.

ಬಿಸಿಲಿಗೆ ಹೆದರಿ ವೈನಿ ಕಂಪ್ಯೂಟರಿನ ಪಕ್ಕದ ಮುಚ್ಚಳ ತೆಗೆದು, ಏರ್ ಕೂಲರನ್ನು ಅದರತ್ತ ತಿರುಗಿಸಿಟ್ಟಿದ್ದರು. ನೆರವಿಗೆ ಹೋಗಿದ್ದ ನಾನು ನನ್ನ ಕೂಸನ್ನು ಅಲ್ಲೇ ಮೂಲೆಯಲ್ಲಿ ಮಲಗಿಸಿದ್ದೆ. ಯಾವುದು ಬೇಗ ಮುಗಿಸುತ್ತದೆ ಎಂದು ನೋಡಲು ಒಂದೇ ಅರಿಶಿಣದ ವಿಡಿಯೋವನ್ನು ಎರಡರಲ್ಲೂ ಓಡಿಸಿದೆವು. ಸಣ್ಣದು ಹದಿನೆಂಟು ನಿಮಿಷ ತೆಗೆದುಕೊಂಡಿತು, ದೊಡ್ಡದು ಇಪ್ಪತ್ತಾರು.

“ಮೈ ದೊಡ್ಡದು, ಕೆಲಸ ಇಲ್ಲ. ಥೇಟ್ ನಮ್ಮ ಮೈದುನನಂಗ,” ಎಂದು ವೈನಿ ಅದನ್ನು ಬಿಚ್ಚಲು ಸ್ಕ್ರೂಡ್ರೈವರ್ ಎತ್ತಿಕೊಂಡರು.

ನಾನು ಅವರ ಕೈ ಹಿಡಿದೆ.

“ತಡೀರಿ ವೈನಿ. ಇದು ಓಡಾಕತ್ತಾಗ ಕೂಸು ಬೆವರಾಕತ್ತಿತ್ತು. ನಾನ ಕೂಲರ್ ಕೂಸಿನ ಕಡೆ ತಿರುಗಿಸಿದ್ನಿ.”

ಆಗಲೇ ನಾಲ್ಕೂ ಹತ್ತು. ವೈನಿ ಬೈಯಲಿಲ್ಲ.

“ಮೊದಲ ಹೇಳಬಾರದೇನ ಬೇ? ಗಾಳಿ ಇಲ್ಲದ ಕಾಯ್ದು ನಿಧಾನ ಆಗೇತಿ ಅದು. ಕೂಸಿನ್ನ ಎತ್ಕೋ, ಕೂಲರ್ ಇತ್ಲಾಗ ತಿರುಗಿಸು.”

ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಸೆರಗಿನಿಂದ ಗಾಳಿ ಬೀಸುತ್ತ ಕುಳಿತೆ. ಕರೆಂಟ್ ಹೋದರೆ ಮತ್ತೆ ಪರೀಕ್ಷಿಸಲು ಹೊತ್ತಿರಲಿಲ್ಲ. ತೆರೆಯ ಮೇಲಿನ ಹಸಿರು ಗೆರೆ ಶೇಕಡಾ ತೊಂಬತ್ತಕ್ಕೆ ಬಂದಾಗ ಇಬ್ಬರೂ ಮುಂದಕ್ಕೆ ಬಾಗಿದೆವು. ಮುಗಿದದ್ದು ಹದಿಮೂರೇ ನಿಮಿಷಕ್ಕೆ.

ವೈನಿ ಸಣ್ಣ ಕಾರ್ಡನ್ನು ಡಬ್ಬಿಗೆ ಹಾಕಿ ನನ್ನ ಕೈಗಿಟ್ಟರು.

“ಓಡು, ಕಂಡಕ್ಟರ್ ಕೈಯಾಗ ಕೊಟ್ಟು ಬಾ. ಕೂಸಿನ್ನ ಇಲ್ಲಿ ಕೊಡು, ಕೂಲರ್ ಮುಂದ ಮಲಗಸ್ತೇನಿ.”