ಡಬ್ಬ ಹಾಸಿದ ಮುಖ

ನಾನು ದಿನಚರಿ ಬರೆಯುವವನು. ನನ್ನ ನೆನಪಿನ ಮೇಲೆ ನನಗೆ ನಂಬಿಕೆ ಕಡಿಮೆಯಾದದ್ದೂ ಅದರಿಂದಲೇ. ಹಳೆಯ ಪುಟ ತೆರೆದರೆ ಅಲ್ಲಿರುವ ನಾನು ಪ್ರತಿ ವಾದದಲ್ಲೂ ಗೆದ್ದಿರುತ್ತೇನೆ.

ಚಾದರದ ನೆನಪೂ ಅಂಥದೇ. ನಮ್ಮ ಸೊಲ್ಲಾಪುರದ ಮಗ್ಗಗಳು ಯಾರ ಮುಖವನ್ನಾದರೂ ನೇಯುತ್ತವೆ. ಒಂದು ಕಾಲಕ್ಕೆ ದೇಶ ಆಳಿದ ನಾಯಕನ ಮುಖವಿದ್ದ ಚಾದರವನ್ನು ಅಪ್ಪ ನವಿ ಪೇಠದ ಬಜಾರಿನಿಂದ ತಂದಿದ್ದರು. ಲಂಚದ ಪ್ರಕರಣದಲ್ಲಿ ಸಿಕ್ಕಿಬಿದ್ದು ಆತ ಕುರ್ಚಿ ಬಿಟ್ಟ ದಿನ, ಅಪ್ಪ ರೇಡಿಯೋ ಆರಿಸಿ, ಚಾದರವನ್ನು ಮಗುಚಿ, ನಮ್ಮ ಕಡೆಯ ಮಾತಲ್ಲಿ ‘ಡಬ್ಬ’, ಹಾಸಿದರು. ಇದನ್ನು ವಿಶ್ವವಿದ್ಯಾಲಯದ ಗೆಳೆಯರಿಗೆ ಹೇಳಿ ಹೇಳಿ, ಅಪ್ಪನ ಸಾತ್ವಿಕ ಸಿಟ್ಟಿಗೆ ನಾನು ವಾರಸುದಾರನಾಗಿಬಿಟ್ಟಿದ್ದೆ.

ಆ ಚಾದರ ಈಗ ಅಕ್ಕಲಕೋಟೆಯಲ್ಲಿ ನಮ್ಮ ಕಾಕುವಿನ, ಅಂದರೆ ಚಿಕ್ಕಪ್ಪನ ಹೆಂಡತಿಯ, ಮನೆಯ ಮಂಚದ ಮೇಲಿದೆ. ಹೋದ ತಿಂಗಳು ಅವರ ಮಗಳು ಸುಮಾಳನ್ನು ನೋಡಲು ದುಧನಿಯಿಂದ ಗಂಡಿನವರು ಬರುವವರಿದ್ದರು; ನಾನೂ ಹೋಗಿದ್ದೆ. ಹಿಂದೆ ಬಂದವರೊಬ್ಬರು ಇದೇ ನಾಯಕನ ವಿಷಯಕ್ಕೆ ಕಾಕುವಿನೊಡನೆ ಜಗಳಾಡಿ, ಉಪ್ಪಿಟ್ಟು ಅರ್ಧಕ್ಕೇ ಬಿಟ್ಟು ಎದ್ದಿದ್ದರು. ಈ ಸಲದ ಹುಡುಗ ಫೋಟೋದಲ್ಲೇ ಸುಮಾಳ ಮನಸ್ಸಿಗೆ ಬಂದಿದ್ದ.

“ಅವ್ವಾ, ಇವತ್ತರ ಈತನ್ನ ಮಂಚದ ಮ್ಯಾಲಿಂದ ಇಳಸು.”

“ಡಬ್ಬ ಹಾಸೀನಲ್ಲ, ಯಾರಿಗಿ ಕಾಣ್ತಾನ? ನಿಮ್ಮಪ್ಪ ಹೋದಮ್ಯಾಲ ನನಗ ಪಿಂಚಣಿ ಬರೂದು ಆತ ಮಾಡಿದ ಕಾಯ್ದೆದಿಂದನ.”

ನಾನು ಅಪ್ಪನ ಸಿಟ್ಟನ್ನು ನೆನಪಿಸಿದೆ. ಆ ಕಾಲಕ್ಕೆ ಕಾಕುವೂ ನಮ್ಮ ಜೊತೆ ಒಂದೇ ಮನೆಯಲ್ಲಿದ್ದದ್ದನ್ನು ಮರೆತಿದ್ದೆ.

“ಯಾವ ಸಿಟ್ಟೋ ತಮ್ಮಾ! ಸುದ್ದಿ ಕೇಳಿ ನಿಮ್ಮಪ್ಪ ಕೈಯಾನ ಚಾ ಚಾದರದ ಮ್ಯಾಲ ಚೆಲ್ಲಿದ್ರು. ಕಲೆ ಕಾಣಬಾರದಂತ ಡಬ್ಬ ಹಾಕಿದ್ರು.”

ಪಿತ್ರಾರ್ಜಿತ ಸಿಟ್ಟು ಚಹಾದಲ್ಲಿ ಕರಗಿಹೋಯಿತು.

ಗಂಡಿನವರು ಬಂದರು. ಹುಡುಗನ ಅಪ್ಪ ಮಂಚದ ಮೇಲೆ ಕೂರುವ ಮುಂಚೆ ಬಗ್ಗಿ ನೋಡಿದರು. “ಅರೆ! ಇಂವ ನಮ್ಮನ್ಯಾಗೂ ಅದಾನ್ರಿ. ನಾವೂ ಡಬ್ಬನ ಹಾಸ್ತೀವಿ.”

ಸೊಲ್ಲಾಪುರದ ಚಾದರ ಮಗುಚಿದರೆ ಬಣ್ಣ ಅದಲುಬದಲಾಗುತ್ತದೆ, ಮುಖ ಎಲ್ಲೂ ಹೋಗುವುದಿಲ್ಲ. ಇಷ್ಟು ವರ್ಷ ನಾವು ಆತನಿಗೆ ಕೊಟ್ಟ ಶಿಕ್ಷೆಯೆಂದರೆ ನರೆಗೂದಲನ್ನು ಕಪ್ಪು ಮಾಡಿದ್ದಷ್ಟೇ.

ಕಾಕುಗೆ ತಡೆಯಲಾಗಲಿಲ್ಲ. “ಪಿಂಚಣಿ ಕೊಟ್ಟಾನ್ರಿ ಆತ!” ಬಾಗಿಲ ಮರೆಯಿಂದ ಸುಮಾ ಅವ್ವನಿಗೆ ಸಾಕೆಂದು ಸನ್ನೆ ಮಾಡಿದಳು.

“ಕೊಟ್ಟಾನ್ರಿ. ತಿಂದೂ ತಿಂದಾನ್ರಿ. ಎರಡೂ ಖರೇನ. ಈಗ ಆತನ್ನ ಬಿಟ್ಟು ಹುಡುಗಿಗಿ ಕರೀರಿ,” ಎಂದರು ಹುಡುಗನ ಅಪ್ಪ.

ದಿನಚರಿಯಲ್ಲಿ ನಾನು ಪುಟಗಟ್ಟಲೆ ಬರೆದೂ ಮುಟ್ಟದಿದ್ದ ತೀರ್ಪನ್ನು ಅವರು ಉಪ್ಪಿಟ್ಟು ಬರುವ ಮೊದಲೇ ಮುಗಿಸಿದ್ದರು. ಸಂಬಂಧ ಕೂಡಿಬಂತು. ಅವರು ಹೊರಟ ಮೇಲೆ ನಾನು ಚಾದರ ತಿರುವಿ ಕಲೆ ಹುಡುಕಿದೆ. ಒಂದೂ ಇರಲಿಲ್ಲ.

“ಆವಾಗನ ಒಗದೀನಿ,” ಎಂದರು ಕಾಕು.

“ಮತ್ತ ಇಷ್ಟ ವರ್ಷ ಡಬ್ಬ ಯಾಕ?”

“ಎಲ್ಲಾರೂ ಹಂಗ ಹಾಸ್ತಿದ್ರಲ್ಲ!”

ಆ ನಾಯಕನ ಬಗೆಗಿನ ನನ್ನ ಅಭಿಪ್ರಾಯವೂ ಹಾಗೆಯೇ ಎಲ್ಲರನ್ನು ನೋಡಿ ಹಾಸಿದ್ದಿರಬೇಕು. ಇರಲಿ, ಒಗೆದು ನೋಡುತ್ತೇನೆ. ಸದ್ಯಕ್ಕೆ ಮದುವೆಗೆ ಕೊಡುವ ಚಾದರ ಆರಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಬೀಗರು ಹೊರಡುವಾಗಲೇ ಹೇಳಿಹೋಗಿದ್ದಾರೆ: “ಮುಖದ್ದು ಬ್ಯಾಡ್ರಿ. ಹೂವು, ಪ್ರಾಣಿನೂ ಬ್ಯಾಡ, ಯಾವುದು ಯಾವ ಪಕ್ಷದ ಚಿಹ್ನಿ ಆದೀತೋ! ಬರೇ ಚೌಕಳಿದು ಕೊಡ್ರಿ.”