ಬಡ್ತಿ ಮೀನು

ಹಮಾಯಾ ಮನೆತನದ ಹಿಸಾನೊ ಅವರಿಗೆ ಐವತ್ತೆಂಟು ವರ್ಷ. ತೊಯಾಮ ಕೊಲ್ಲಿಯ ನಮ್ಮ ಬಂದರಿನಲ್ಲಿ, ಮೀನುಗಾರರ ಸಂಘದ ಶೆಡ್ಡಿನಲ್ಲಿ, ಮೂವತ್ತಾರು ವರ್ಷದಿಂದ ಚಾಕು ಹಿಡಿದು ನಿಂತಿದ್ದಾರೆ. ಸೇರಿದ ದಿನ ಯಾರೋ ತಲೆಯ ಮೇಲೆ ಬುಟ್ಟಿ ಹೊರಿಸಿ ‘ಹಿಸಾ ಪುಟ್ಟಿ’ ಎಂದು ಕರೆದರು. ಬುಟ್ಟಿ ಇಳಿಯಿತು, ಪುಟ್ಟಿ ಇಳಿಯಲಿಲ್ಲ.

ಅವರ ಕೈಗೆ ಬರುವ ಮೀನಿನ ಭಾಗ್ಯವೇ ಬೇರೆ. ಗೇಣುದ್ದ ಇದ್ದಾಗ ಅದು ಕೊಜುಕುರಾ, ಮೊಳದುದ್ದ ಆದರೆ ಫುಕುರಾಗಿ, ಇನ್ನಷ್ಟು ಬೆಳೆದರೆ ಗಾಂದೊ, ಮೈತುಂಬ ಕೊಬ್ಬು ತುಂಬಿ ಎರಡು ಕೈಗೂ ಭಾರವಾದರೆ ಬುರಿ. ಬೆಳೆದಂತೆಲ್ಲ ಹೆಸರು ಬದಲಾಗುವ ಇದನ್ನು ಬಡ್ತಿ ಮೀನು ಎನ್ನುತ್ತೇವೆ. ಮಗಳ ಮದುವೆಯಾದ ವರ್ಷ, ಅಳಿಯನಿಗೂ ಹಾಗೇ ಬಡ್ತಿಯಾಗಲಿ ಎಂದು ಒಂದು ಬುರಿಯನ್ನು ಬೀಗರ ಮನೆಗೆ ಕಳಿಸುತ್ತೇವೆ. ಮಗಳಿಗೂ ಆಗಲಿ ಎಂದು ಯಾರೂ ಬಾಲದ ತುಂಡನ್ನೂ ಕಳಿಸಿದ್ದು ಕಂಡಿಲ್ಲ.

ಗಾಂದೊ ಯಾವುದು, ಬುರಿ ಯಾವುದು ಎಂದು ಹೊಟ್ಟೆ ಸವರಿ ಕೂಗುವುದು ಶೆಡ್ಡಿನ ಮುಖ್ಯಸ್ಥರ ಕೆಲಸ. ಆದರೆ ಇಪ್ಪತ್ತು ವರ್ಷದಿಂದ ಕೂಗುತ್ತಿದ್ದವರು ಹಿಸಾನೊ. ಮುಖ್ಯಸ್ಥರು ಪಕ್ಕದಲ್ಲಿ ನಿಂತು ಚೀಟಿಗೆ ಮುದ್ರೆ ಒತ್ತುತ್ತಿದ್ದರು. ಈ ನವೆಂಬರಿನಲ್ಲಿ ಆ ಮುಖ್ಯಸ್ಥರು ನಿವೃತ್ತರಾದಾಗ ಕುರ್ಚಿ ಯಾರಿಗೆ ಎಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದದ್ದು ತಪ್ಪಾಗಿತ್ತು. ಸಂಘದ ಅಧ್ಯಕ್ಷ ಯಾಚಿ, ತಮ್ಮ ಅಕ್ಕನ ಮಗ ದೈಗೊನನ್ನು ಕೂರಿಸಿದರು. ಇಪ್ಪತ್ತೊಂಬತ್ತರ ದೈಗೊನಿಗೆ ಚಾಕು ಹಿಡಿಯುವುದನ್ನು ಕಲಿಸಿದವರೇ ಹಿಸಾನೊ. ಏನು ಮಾಡುವುದು, ಆ ಕುರ್ಚಿ ಮೊದಲಿಂದಲೂ ಮೀಸಲು, ಮೀಸೆಗೆ.

ಹಿಸಾನೊ ಕಚೇರಿಗೆ ಹೋಗಿ ನೇರವಾಗಿ ಕೇಳಿದರು.

“ಹಿಸಾ ಪುಟ್ಟಿ, ನಿನಗ್ಯಾಕಮ್ಮ ಈ ತಲೆನೋವು? ಕಾಲುನೋವು ಬೇರೆ ಅಂತಿರ್ತೀಯ,” ಎಂದರು ಯಾಚಿ.

ಕಾಲಿನದು ಆಣಿ. ಒದ್ದೆ ನೆಲದ ಮೇಲೆ ನಿಂತೂ ನಿಂತೂ ಮೂಡಿದ್ದು. ನಮ್ಮ ಕಡೆ ಅದರ ಹೆಸರೇ ಮೀನುಗಣ್ಣು.

“ನನ್ನ ಅಂಗಾಲಿನ ಮೀನುಗಣ್ಣು ಕಂಡಷ್ಟು ಮೀನು ನಿಮ್ಮ ಎರಡು ಕಣ್ಣೂ ಕಂಡಿಲ್ಲ, ಯಾಚಿಯವರೇ. ಇನ್ನು ದೈಗೊ ಏನು ಕಂಡಿದಾನೆ?”

“ನೋಡ್ರಪ್ಪ, ಒಣಗಿದ ಬೂತಾಯಿ ಮರಿ ಹಲ್ಲು ಕಡೀತಿದೆ,” ಎಂದು ಯಾಚಿ ಪಕ್ಕದವರತ್ತ ತಿರುಗಿದರು. ಕೈಲಾಗದವರ ಸಿಟ್ಟಿಗೆ ನಮ್ಮಲ್ಲಿ ಹೀಗೆ ಅನ್ನುವುದು. ಹಿಸಾನೊ ನಾಲ್ಕಡಿ ಹತ್ತಿಂಚಿನವರು. ಕಚೇರಿಯಲ್ಲಿದ್ದವರೆಲ್ಲ ನಕ್ಕರು.

ಅಲ್ಲಿಂದ ಮೂರು ವಾರ ಅವರು ಎಂದಿನಂತೆ ಮೀನು ಕುಯ್ದರು. ಚಾಕು ಮಾತ್ರ ದಿನಕ್ಕೆರಡು ಸಲ ಮಸೆದರು.

ಡಿಸೆಂಬರಿನಲ್ಲಿ, ಬುರಿಯನ್ನು ಎಬ್ಬಿಸಿ ತರುತ್ತದೆ ಎನ್ನುವ ಆ ಗುಡುಗು ಗುಡುಗಿತು. ಮಾರನೆಯ ಬೆಳಿಗ್ಗೆ ನಾನೂರು ಮೀನು ಶೆಡ್ಡಿನ ನೆಲದ ಮೇಲೆ ಸಾಲಾಗಿ ಮಲಗಿದ್ದವು. ಕೊಳ್ಳುವವರು ರಬ್ಬರ್ ಬೂಟಿನಲ್ಲಿ ಸುತ್ತ ನಿಂತಿದ್ದರು. ಹಿಸಾನೊ ಕೈಕಟ್ಟಿ ಗೋಡೆಗೆ ಒರಗಿದರು.

ದೈಗೊ ಮೊದಲನೇ ಮೀನಿನ ಹೊಟ್ಟೆ ಸವರಿದ. ಗೋಡೆಯತ್ತ ನೋಡಿದ. ಅಲ್ಲಿ ಕಟ್ಟಿದ ಕೈ ಕಟ್ಟಿದಂತೇ ಇತ್ತು.

“ಬುರಿ,” ಎಂದ.

ಹಳೆಯ ವ್ಯಾಪಾರಿ ಮಿಜುಕಾಮಿ ಬಗ್ಗಿ ತಾನೂ ಸವರಿ ನೋಡಿದ. “ಇದು ಬುರಿ ಆದ್ರೆ ನಾನು ತಿಮಿಂಗಿಲ. ಆಕೆ ಕೂಗೋ ತನಕ ನಾನು ಬೆಲೆ ಕೂಗಲ್ಲಪ್ಪ.” ಉಳಿದವರೂ ಕೈಗಳನ್ನು ಜೇಬಿಗಿಳಿಸಿದರು. ಬಲೆಗೆ ಬಿದ್ದದ್ದು ಬೆಲೆಗೆ ಬೀಳಲಿಲ್ಲ.

ಯಾಚಿ ಓಡಿ ಬಂದು ಮೀನಾ ಮೇಷ ಎಣಿಸತೊಡಗಿದರು. ಮೇಷ ಇರಲಿಲ್ಲ. ಮೀನು ಮಾತ್ರ ನಾನೂರಿತ್ತು, ಐಸು ಕರಗುತ್ತಿತ್ತು.

“ಹಿಸಾ ಪುಟ್ಟಿ, ಒಂಚೂರು ಹೇಳಮ್ಮ.”

“ಪುಟ್ಟಿ ಬಾಯಿ ಪುಟ್ಟದು. ಇಷ್ಟು ದೊಡ್ಡ ಮೀನಿನ ಹೆಸರು ಹಿಡಿಸಲ್ಲ.”

“ಆಯ್ತು. ಹಿಸಾನೊ.”

“ಹಿಸಾನೊ ಅನ್ನೋ ಹೆಸರು ಇನ್ನೂ ಫುಕುರಾಗಿ.”

ಯಾರೋ ಕೆಮ್ಮಿದರು. ಯಾಚಿಯ ಕಿವಿ ಕೆಂಪಾಯಿತು. “ಹಮಾಯಾ ಅವರೇ.”

“ಅದು ಗಾಂದೊ. ಇನ್ನೂ ಬುರಿ ಆಗಿಲ್ಲ.”

“ಏನು ಬೇಕು ನಿನಗೆ... ನಿಮಗೆ?”

“ನಾಲ್ಕು ವರ್ಷ ತಿಂದುಂಡು ಈಜಾಡಿದ್ದಕ್ಕೆ ಈ ಮೀನಿಗೆ ನಾಲ್ಕು ಹೆಸರು ಕೊಟ್ರಿ. ನಾನು ಮೂವತ್ತಾರು ವರ್ಷ ಇದರ ಕರುಳು ಬಗೆದೆ. ನನಗೆ ಒಂದೇ ಹೆಸರು, ಅದೂ ತೊಟ್ಟಿಲ ಮಗೂದು. ಮುಖ್ಯಸ್ಥೆ ಅಂತ ಕಾಗದದ ಮೇಲೆ ಬರೀರಿ. ಮುದ್ರೆ ಸಮೇತ. ಮೀನಿನ ಹೆಸರು ಆಮೇಲೆ.”

ದನಿ ಏರಿಸಿರಲಿಲ್ಲ. ಆದರೂ ಹಿಂದಿನ ದಿನದ ಗುಡುಗೇ ವಾಸಿ ಅನಿಸಿತು.

“ಸಂಜೆ ಸಭೆ ಕರೆದು ಮಾತಾಡೋಣ...”

“ಸಂಜೆಗೆ ಮೀನು ನಾರುತ್ತೆ.”

ಯಾಚಿ ಕಚೇರಿಗೆ ಹೋದರು. ಅವರು ಬರುವವರೆಗೆ ನಾನೂರು ಮೀನೂ ಹೆಸರಿಲ್ಲದೆ ಬಿದ್ದಿದ್ದವು. ಬಂದ ಕಾಗದದಲ್ಲಿ ದೈಗೊನ ಹೆಸರಿನ ಮೇಲೆ ಎರಡು ಗೆರೆ, ಪಕ್ಕದಲ್ಲಿ ಹಿಸಾನೊ ಅವರದು, ಕೆಳಗೆ ಇನ್ನೂ ಒಣಗದ ಕೆಂಪು ಮುದ್ರೆ. ಅವರು ಎರಡು ಸಲ ಓದಿದರು. ನಗಲಿಲ್ಲ, ತಲೆಬಾಗಲಿಲ್ಲ. ಕಾಗದ ಮಡಿಸಿ ಏಪ್ರನ್ನಿನ ಒಳಗಿಟ್ಟು, ದೈಗೊ ಬುರಿ ಎಂದಿದ್ದ ಮೀನಿನ ಮೇಲೆ ಕೈಯಿಟ್ಟರು.

“ಗಾಂದೊ.”

ದೈಗೊ ತಲೆ ತಗ್ಗಿಸಿದ. ಹಿಸಾನೊ ನೋಡುತ್ತಿದ್ದದ್ದು ಯಾಚಿಯನ್ನು.

“ಇನ್ನೊಂದು ವರ್ಷ ನೀರಲ್ಲಿ ಬಿಟ್ಟಿದ್ರೆ ಇದೂ ಬುರಿ ಆಗ್ತಿತ್ತು. ಅವಸರ ಮಾಡಿ ಎಳ್ಕೊಂಡ್ ಬಂದ್ರಿ.”